ಸಾಕ್ಷಿಯೂ ಮುದ್ರೆಯೂ: ಅರಣ್ಯ ಪ್ರಮಾಣಪತ್ರದ ಒಂದು ವಿಮರ್ಶೆ

ನಮ್ಮ ವಿದ್ಯಾರ್ಥಿಗಳು ಬಳಸುವ ನೋಟುಪುಸ್ತಕಗಳಲ್ಲಿ ಕೆಲವದರ ಹಿಂಬದಿಯ ಹೊದಿಕೆಯ ಮೂಲೆಯಲ್ಲಿ ಒಂದು ಚಿಕ್ಕ ಮುದ್ರೆ ಕಾಣಿಸುವುದುಂಟು. ಒಂದು ಮರದ ರೇಖಾಚಿತ್ರ. ಅದರ ಒಂದು ಅಂಚು, ಉಪಾಧ್ಯಾಯರು ಸರಿಯಾದ ಉತ್ತರಕ್ಕೆ ಹಾಕುವ ಗುರುತಿನಂತೆ ಬಾಗಿರುತ್ತದೆ. ಆ ಮುದ್ರೆ ಹೇಳುವುದು ಇಷ್ಟು: ಈ ಕಾಗದಕ್ಕೆ ಒದಗಿದ ಮರವನ್ನು ಕಾಡು ಕೆಡದಂತೆ, ಕಾಡನ್ನು ನಂಬಿದ ಜನಕ್ಕೆ ಅನ್ಯಾಯವಾಗದಂತೆ ಕಡಿಯಲಾಗಿದೆ, ಈ ಮಾತನ್ನು ಹೇಳುತ್ತಿರುವವನು ಮರವನ್ನು ಮಾರಿದವನೂ ಅಲ್ಲ, ಕೊಂಡವನೂ ಅಲ್ಲ, ಮೂರನೆಯವನು. ಈ ಮೂರನೆಯವನ ಮಾತಿಗೆ ಎಷ್ಟು ಬೆಲೆ ಕೊಡಬಹುದು ಎಂಬುದೇ ಪ್ರಕೃತ ಲೇಖನದ ವಿಷಯ.

ನಿದರ್ಶನಕ್ಕೆ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳನ್ನು ಆರಿಸಿಕೊಂಡಿದೆ. ನಂಜನಗೂಡಿನ ದಕ್ಷಿಣದ ಅಂಚಿನಲ್ಲಿ ಹೆಡಿಯಾಲದ ಕಾಡಿದೆ. ಅದು ಬಂಡೀಪುರ ಹುಲಿ ರಕ್ಷಿತಾರಣ್ಯಕ್ಕೆ ಸೇರಿದ್ದು. ನರಸೀಪುರದಲ್ಲಿ ಕಾಡೆಂದು ಹೇಳಿಕೊಳ್ಳುವಂಥದು ವಿಶೇಷವಾಗಿ ಇಲ್ಲ. ಆದರೆ ವಯನಾಡಿನ ಕಾಡುಗಳಲ್ಲಿ ಹುಟ್ಟಿ, ಹೆಗ್ಗಡದೇವನಕೋಟೆಯನ್ನೂ ನಂಜನಗೂಡನ್ನೂ ದಾಟಿ ಬರುವ ಕಪಿಲೆ ಅಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಕಾಡನ್ನು ಕಾಣದೆಯೇ ಕಾಡಿನಿಂದ ಬದುಕುವ ಜನ ಅಲ್ಲಿಯವರು. ಇದಲ್ಲದೆ, ಸಾಕ್ಷಿ ಹೇಳುವುದೂ ಎಲ್ಲೆ ಗುರುತಿಸುವುದೂ ಈ ಎರಡು ತಾಲ್ಲೂಕುಗಳಲ್ಲಿ ಬಹು ಹಳೆಯ ವಿದ್ಯೆ. ಅದರ ದಾಖಲೆಗಳು ಕಲ್ಲಿನ ಮೇಲೂ ತಾಮ್ರದ ಮೇಲೂ ಉಳಿದಿವೆ. ಆ ವಿದ್ಯೆಯನ್ನು ಮುಂದಿಟ್ಟುಕೊಂಡು ಈ ಹೊಸ ಪತ್ರವನ್ನು ಓದಬಹುದೆಂದು ನಮಗೆ ತೋರಿತು.

ಮೊದಲು ಪದ್ಧತಿಯ ಸ್ವರೂಪವನ್ನು ಸಂಕ್ಷೇಪವಾಗಿ ತಿಳಿಯೋಣ. ಕಾಡಿನಿಂದ ಎಷ್ಟು ಬೆಳೆಯುತ್ತದೆಯೋ ಅಷ್ಟನ್ನೇ ತೆಗೆಯಬೇಕೆಂಬ ತತ್ತ್ವವನ್ನು ಜರ್ಮನಿಯ ಸ್ಯಾಕ್ಸನಿಯಲ್ಲಿ ಕಾರ್ಲೋವಿಟ್ಸ್ ಎಂಬ ಗಣಿ ಅಧಿಕಾರಿ ೧೭೧೩ರಲ್ಲಿ ಗ್ರಂಥರೂಪವಾಗಿ ಹೇಳಿದ. ಬೆಳ್ಳಿಯ ಗಣಿಗಳಿಗೆ ಸೌದೆ ತೀರಿಹೋಗುತ್ತಿತ್ತು. ಅವನ ಚಿಂತೆ ಕುಲುಮೆಯದು, ಕೋಗಿಲೆಯದಲ್ಲ. ‘ಸುಸ್ಥಿರ’ ಎಂಬ ಇಂದಿನ ಮಾತಿನ ಮೂಲ ಅಲ್ಲಿದೆ ಎಂಬುದನ್ನು ಮರೆಯಬಾರದು. ೧೯೯೨ರಲ್ಲಿ ರಿಯೋ ನಗರದಲ್ಲಿ ನಡೆದ ಸಮ್ಮೇಳನದಲ್ಲಿ ಅರಣ್ಯಗಳನ್ನು ಕುರಿತು ರಾಷ್ಟ್ರಗಳನ್ನು ಕಟ್ಟಿಹಾಕುವ ಒಪ್ಪಂದವೊಂದು ಏರ್ಪಡಲಿಲ್ಲ. ಸರ್ಕಾರಗಳಿಂದ ಆಗದ ಕೆಲಸವನ್ನು ಪೇಟೆಯಿಂದ ಮಾಡಿಸೋಣವೆಂದು ಮರುವರ್ಷ ಕೆನಡಾದ ಟೊರಾಂಟೊದಲ್ಲಿ ಫಾರೆಸ್ಟ್ ಸ್ಟೀವರ್ಡ್‌ಶಿಪ್ ಕೌನ್ಸಿಲ್ ಎಂಬ ಸಂಸ್ಥೆ ಸ್ಥಾಪಿತವಾಯಿತು. ಅದರ ಸಭೆಯಲ್ಲಿ ವ್ಯಾಪಾರ, ಪರಿಸರ, ಸಮಾಜ ಎಂಬ ಮೂರು ಅಂಗಗಳಿಗೆ ಸಮನಾದ ಮತಗಳಿವೆ. ಸಂಸ್ಥೆ ತಾನೇ ಕಾಡನ್ನು ಪರೀಕ್ಷಿಸುವುದಿಲ್ಲ. ಹತ್ತು ತತ್ತ್ವಗಳನ್ನು ವಿಧಿಸಿ, ಪರೀಕ್ಷೆಯನ್ನು ಮಾನ್ಯತೆ ಪಡೆದ ಬೇರೆ ಸಂಸ್ಥೆಗಳಿಗೆ ಬಿಡುತ್ತದೆ. ಪತ್ರದ ಆಯುಸ್ಸು ಐದು ವರ್ಷ. ನಡುವೆ ವರ್ಷಕ್ಕೊಮ್ಮೆ ತಪಾಸಣೆ. ೧೯೯೯ರಲ್ಲಿ ಯೂರೋಪಿನ ಅರಣ್ಯ ಮಾಲೀಕರ ಕಡೆಯಿಂದ ಇದಕ್ಕೆ ಪ್ರತಿಯಾಗಿ ಇನ್ನೊಂದು ವ್ಯವಸ್ಥೆ ಹುಟ್ಟಿತು. ಅದರ ವಿವರ ಇಲ್ಲಿ ಬೇಕಿಲ್ಲ.

ಈ ಪತ್ರದ ಒಂದು ವಿಶೇಷವನ್ನು ಆರಂಭದಲ್ಲಿಯೇ ಗಮನಿಸಬೇಕು. ಮೈಸೂರಿನ ಶ್ರೀಗಂಧದ ಎಣ್ಣೆಗೂ ಒಂದು ಅಂತರರಾಷ್ಟ್ರೀಯ ಮಾನವುಂಟು. ಅದರಲ್ಲಿ ಆಲ್ಫಾ ಸ್ಯಾಂಟಲಾಲ್ ಎಂಬ ಅಂಶ ನೂರಕ್ಕೆ ೪೧ರಿಂದ ೫೫ರವರೆಗೆ ಇರಬೇಕು. ಸಂದೇಹವಿದ್ದವರು ಸೀಸೆಯನ್ನು ಪ್ರಯೋಗಶಾಲೆಗೆ ಒಯ್ಯಬಹುದು. ಸುಳ್ಳು ಅಲ್ಲಿಯೇ ಬಯಲಾಗುತ್ತದೆ. ಆದರೆ ಪ್ರಮಾಣಿತವಾದ ಕಾಡಿನ ಹಲಗೆಗೂ ಕದ್ದು ಕಡಿದ ಕಾಡಿನ ಹಲಗೆಗೂ ನಾರಿನಲ್ಲಿ, ಬಣ್ಣದಲ್ಲಿ, ತೂಕದಲ್ಲಿ ಒಂದು ಗುಲಗಂಜಿಯಷ್ಟೂ ವ್ಯತ್ಯಾಸವಿರುವುದಿಲ್ಲ. (ಗುಲಗಂಜಿಯ ಮಾತು ನರಸೀಪುರಕ್ಕೆ ಸಹಜವಾದದ್ದು. ಅಲ್ಲಿಯ ಗುಂಜಾ ನರಸಿಂಹನ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚೆಂದು ಜನ ನಂಬುತ್ತಾರೆ. ಆ ತೂಕವನ್ನು ತೂಗಿದ ಮೂರನೆಯವರು ಯಾರೆಂದು ಯಾರೂ ಕೇಳಿಲ್ಲ.) ಎಣ್ಣೆಯ ಪತ್ರ ವಸ್ತುವನ್ನು ಕುರಿತದ್ದು, ಕಾಡಿನ ಪತ್ರ ನಡತೆಯನ್ನು ಕುರಿತದ್ದು. ನಡತೆಗೆ ಪ್ರಯೋಗಶಾಲೆಯಿಲ್ಲ, ಸಾಕ್ಷಿ ಮಾತ್ರ ಉಂಟು. ಆದುದರಿಂದ ಸಾಕ್ಷಿ ಎಂಥವನು ಎಂಬ ಪ್ರಶ್ನೆಯನ್ನು ಬಿಟ್ಟು ಈ ಪದ್ಧತಿಯನ್ನು ವಿಮರ್ಶಿಸುವುದು ವ್ಯರ್ಥ.

ನಂಜನಗೂಡು, ನರಸೀಪುರ ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು ೧೮೯೪ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ಪ್ರಕಟಿಸಿದರು. ಗಂಗರ ರಾಜಧಾನಿಯಾದ ತಲಕಾಡು ಇರುವುದು ನರಸೀಪುರ ತಾಲ್ಲೂಕಿನಲ್ಲಿಯೇ. ಗಂಗರ ತಾಮ್ರಶಾಸನಗಳನ್ನು ಓದಿದವರಿಗೆ ಅವುಗಳ ರಚನಾಕ್ರಮ ವಿದಿತವೇ ಇದೆ. ವಂಶಾವಳಿ ಸಂಸ್ಕೃತದಲ್ಲಿ ಗಂಭೀರವಾಗಿ ನಡೆದು, ದತ್ತಿಯ ಎಲ್ಲೆಯನ್ನು ಹೇಳುವ ಸ್ಥಳಕ್ಕೆ ಬಂದಾಗ ಹಲವು ಶಾಸನಗಳು ಕನ್ನಡಕ್ಕೆ ತಿರುಗುತ್ತವೆ. ಆ ಮರ, ಈ ಹುತ್ತ, ಹಳ್ಳದ ಕೂಡು, ನಟ್ಟ ಕಲ್ಲು ಎಂದು ಊರಿನವನು ನಡೆದು ತೋರಿಸಿದಂತೆ ಎಲ್ಲೆ ಸಾಗುತ್ತದೆ. ರಾಜನ ಕೀರ್ತಿ ದೂರದವರಿಗೆ ತಿಳಿದರೆ ಸಾಕು. ಎಲ್ಲೆ ಮಾತ್ರ ಅಲ್ಲಿಯೇ ಉಳುವವನಿಗೆ ತಿಳಿಯಬೇಕು. ಭಾಷೆ ಬದಲಾಗುವುದು ಈ ಕಾರಣದಿಂದ. ಅನಂತರ ಸಾಕ್ಷಿಗಳು ಬರುತ್ತಾರೆ. ಈ ದಾನಕ್ಕೆ ತೊಂಬತ್ತಾರು ಸಾಸಿರ ವಿಷಯದ ಪ್ರಕೃತಿಗಳು ಸಾಕ್ಷಿ ಎಂಬುದು ಅಲ್ಲಿಯ ರೂಢಿಯ ಮಾತು. ರಾಜನೀತಿಯ ಪರಿಭಾಷೆಯಲ್ಲಿ ಪ್ರಕೃತಿಗಳೆಂದರೆ ಪ್ರಜೆಗಳು, ರಾಜ್ಯದ ಅಂಗಗಳು. ಇಂದು ಆ ಪದಕ್ಕೆ ನಾವು ಮರಗಿಡ ನದಿಗಳ ಅರ್ಥವನ್ನು ಕೊಟ್ಟಿದ್ದೇವೆ. ಈ ಶ್ಲೇಷೆಯನ್ನು ಹೆಚ್ಚು ಎಳೆಯುವುದು ಸರಿಯಲ್ಲ. ಆದರೂ ಕಾಡಿನ ಪತ್ರಕ್ಕೆ ಸಾಕ್ಷಿ ಯಾರಾಗಬೇಕೆಂದು ಹುಡುಕುವವರಿಗೆ ಇದೊಂದು ಉಪಯುಕ್ತವಾದ ಪದ.

ಹಾಗೆಂದು ಹಳೆಯದೆಲ್ಲ ಚಿನ್ನವೆಂದು ಹೇಳಲು ನಾವು ಹೊರಟಿಲ್ಲ. ಇದೇ ಗಂಗರ ತಾಮ್ರಪಟಗಳಲ್ಲಿ ಬಹುಭಾಗ ಕೂಟಶಾಸನಗಳೆಂದು ಜೆ. ಎಫ್. ಫ್ಲೀಟ್ ಅವರು ವಾದಿಸಿದರು. ರೈಸ್ ಅವರು ಅದನ್ನು ಒಪ್ಪಲಿಲ್ಲ. ಆ ವಾದ ಬಹುಕಾಲ ನಡೆಯಿತು. ಕೆಲವು ಪಟಗಳು ನಿಜವೆಂದೂ ಕೆಲವು ಕೂಟವೆಂದೂ ಮುಂದಿನ ವಿದ್ವಾಂಸರು ಬೇರ್ಪಡಿಸಿದರು. ನಮಗೆ ಇಲ್ಲಿ ಮುಖ್ಯವಾದದ್ದು ಆ ವಾದದ ರೀತಿ. ಕೂಟಶಾಸನದಲ್ಲಿ ಸಾಕ್ಷಿಯ ಸೂತ್ರ ಇಲ್ಲದೆ ಇರುವುದಿಲ್ಲ. ಇದ್ದೇ ಇರುತ್ತದೆ, ಒಮ್ಮೊಮ್ಮೆ ನಿಜಶಾಸನಕ್ಕಿಂತ ಅಚ್ಚುಕಟ್ಟಾಗಿಯೂ ಇರುತ್ತದೆ. ಕೂಟಕಾರನು ಮೊದಲು ಕಲಿಯುವುದೇ ಸೂತ್ರವನ್ನು. ಫ್ಲೀಟ್ ಅವರಿಗೆ ಸಂದೇಹ ಹುಟ್ಟಿಸಿದ್ದು ಪಟದ ಹೊರಗಿನ ಸಂಗತಿಗಳು: ಹೇಳಿದ ಕಾಲಕ್ಕೆ ಹೊಂದದ ಲಿಪಿ, ಪಂಚಾಂಗಕ್ಕೆ ಹೊಂದದ ತಿಥಿ ವಾರ. ಪತ್ರವನ್ನು ಪತ್ರದಿಂದಲೇ ಪರೀಕ್ಷಿಸಿದ್ದರೆ ಎಲ್ಲವೂ ಸಾಧುವಾಗಿಯೇ ಕಾಣುತ್ತಿತ್ತು.

ಇಂದಿನ ಅರಣ್ಯ ಪ್ರಮಾಣಪತ್ರದ ದೌರ್ಬಲ್ಯ ಇರುವುದು ಇಲ್ಲಿಯೇ ಎಂದು ನಮ್ಮ ಅಭಿಪ್ರಾಯ. ಪರಿಶೋಧಕರು ಕೆಲವು ದಿನಗಳ ಮಟ್ಟಿಗೆ ಕಾಡಿಗೆ ಬರುತ್ತಾರೆ. ಅವರ ಮುಂದೆ ಮೊದಲು ಬರುವುದು ಕಡತಗಳು: ಕಾರ್ಯಯೋಜನೆ ಇದೆಯೆ, ಕೆಲಸಗಾರರಿಗೆ ತರಬೇತಿಯಾಗಿದೆಯೆ, ದೂರಿನ ಪುಸ್ತಕ ಇಟ್ಟಿದೆಯೆ. ಕಡತಗಳು ಬೇಡವೆಂದಲ್ಲ, ಅವರು ಕಾಡನ್ನು ನೋಡುವುದೇ ಇಲ್ಲವೆಂದೂ ಅಲ್ಲ. ಆದರೆ ಕಡತ ಪೂರ್ಣವಾಗಿರುವ ಕಡೆ ಪರೀಕ್ಷೆ ಸುಲಭವಾಗಿ ತೃಪ್ತವಾಗುತ್ತದೆ. ಇನ್ನೂ ಒಂದು ತೊಡಕುಂಟು: ಪರಿಶೋಧಕನನ್ನು ಆರಿಸಿಕೊಂಡು ಅವನಿಗೆ ಶುಲ್ಕ ಕೊಡುವವನು ಪರೀಕ್ಷೆಗೆ ಗುರಿಯಾದವನೇ. ಪರೀಕ್ಷಕನ ಸಂಬಳವನ್ನು ಪರೀಕ್ಷಾರ್ಥಿಯೇ ಕೊಡುವ, ಬೇಡವಾದರೆ ಬೇರೆ ಪರೀಕ್ಷಕನನ್ನು ನೇಮಿಸಿಕೊಳ್ಳುವ ವಿಶ್ವವಿದ್ಯಾನಿಲಯವನ್ನು ಊಹಿಸಿಕೊಂಡರೆ ನಮ್ಮ ಅಧ್ಯಾಪಕ ಮಿತ್ರರಿಗೆ ಇದರ ಸ್ವಾರಸ್ಯ ತಿಳಿದೀತು.

ಜಾವಾ ದ್ವೀಪದ ತೇಗದ ಕಾಡುಗಳ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿಯ ಸರ್ಕಾರಿ ಅರಣ್ಯ ನಿಗಮದ ತೇಗಕ್ಕೆ ೧೯೯೦ರಲ್ಲಿಯೇ, ಎಂದರೆ ಟೊರಾಂಟೊದ ಸಂಸ್ಥೆ ಹುಟ್ಟುವುದಕ್ಕೂ ಮುಂಚೆ, ಅಮೆರಿಕದ ಒಂದು ಸಂಸ್ಥೆ ಪ್ರಮಾಣಪತ್ರ ಕೊಟ್ಟಿತು. ಲೋಕದಲ್ಲಿ ಇಂಥ ಪತ್ರ ಪಡೆದ ಮೊದಲ ಕಾಡುಗಳಲ್ಲಿ ಅದೊಂದು. ಕಾಡಂಚಿನ ಹಳ್ಳಿಗಳಿಗೂ ನಿಗಮಕ್ಕೂ ಇದ್ದ ವಿರಸ, ರಾತ್ರಿಯ ಕಳ್ಳಕಡಿತ ಇವು ಬೆಳೆದು, ೨೦೦೧ರಲ್ಲಿ ಪತ್ರವನ್ನು ತಡೆಹಿಡಿಯಬೇಕಾಯಿತು. ಅನಂತರ ಕೆಲವು ಭಾಗಗಳಿಗೆ ಮತ್ತೆ ದೊರೆಯಿತು. ಪತ್ರವನ್ನು ಹಿಂದೆಗೆದುಕೊಂಡದ್ದು ಪದ್ಧತಿಯ ಪ್ರಾಮಾಣಿಕತೆಗೆ ಗುರುತೆಂದು ಅದರ ಸಮರ್ಥಕರು ಹೇಳುತ್ತಾರೆ. ಆ ಮಾತಿನಲ್ಲಿ ನ್ಯಾಯವಿದೆ. ತಪ್ಪೊಪ್ಪಿಕೊಳ್ಳಬಲ್ಲ ವ್ಯವಸ್ಥೆ ಒಪ್ಪಿಕೊಳ್ಳದ ವ್ಯವಸ್ಥೆಗಿಂತ ಮೇಲು. ಆದರೆ ಹತ್ತು ವರ್ಷ ಆ ಹಳ್ಳಿಯವರಿಗೆ ತಿಳಿದಿದ್ದ ವಿರಸ ಪತ್ರದಲ್ಲಿ ಏಕೆ ಕಾಣಿಸಲಿಲ್ಲ? ಟೊರಾಂಟೊದ ಸಂಸ್ಥೆಯ ಸ್ಥಾಪಕ ಸದಸ್ಯರಲ್ಲಿ ಒಂದಾದ ಗ್ರೀನ್‌ಪೀಸ್ ಸಂಸ್ಥೆಯ ಕೇಂದ್ರಶಾಖೆ ೨೦೧೮ರಲ್ಲಿ ಸದಸ್ಯತ್ವವನ್ನು ಬಿಟ್ಟದ್ದೂ ಇಂಥ ಅತೃಪ್ತಿಯಿಂದಲೇ.

ಸಾಕ್ಷಿಯೆಂದರೆ ಹೊರಗಿನವನೇ ಆಗಬೇಕೆಂಬ ನಂಬಿಕೆಗೆ ವಿರುದ್ಧವಾದ ಅನುಭವ ಕರ್ನಾಟಕದಲ್ಲಿಯೇ ಉಂಟು. ೧೯೮೪ರಲ್ಲಿ ಕರ್ನಾಟಕ ಸರ್ಕಾರ ಹರಿಹರದ ನೂಲಿನ ಕಾರ್ಖಾನೆಯೊಂದಿಗೆ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಸಂಸ್ಥೆಯನ್ನು ಕಟ್ಟಿತು. ಸುಮಾರು ೩೦,೦೦೦ ಹೆಕ್ಟೇರು ಗೋಮಾಳ, ಸಿ ಮತ್ತು ಡಿ ವರ್ಗದ ಭೂಮಿಯಲ್ಲಿ ನೀಲಗಿರಿಯನ್ನು ಬೆಳೆಯುವುದು ಅದರ ಉದ್ದೇಶ. ಕಾಗದದ ಮೇಲೆ ಅದು ಹಸುರು ಬೆಳೆಸುವ ಯೋಜನೆ. ಅಂದು ಈಗಿನಂಥ ಪ್ರಮಾಣಪತ್ರವಿದ್ದಿದ್ದರೆ ನೆಟ್ಟ ಗಿಡಗಳ ಲೆಕ್ಕ, ಕಟಾವಿನ ಸರದಿ, ಎಲ್ಲವೂ ಚೊಕ್ಕಟವಾಗಿಯೇ ಕಂಡಿದ್ದೀತು. ಆದರೆ ಆ ಭೂಮಿಯಲ್ಲಿ ದನ ಮೇಯಿಸಿ, ಸೌದೆ ತಂದು ಬದುಕುತ್ತಿದ್ದ ಹಳ್ಳಿಗಳು ಬೇರೆ ಸಾಕ್ಷಿಯನ್ನು ಹೇಳಿದವು. ೧೯೮೭ರ ನವೆಂಬರ್ ೧೪ರಂದು ಹಾವೇರಿಯ ಬಳಿಯ ಕುಸನೂರಿನಲ್ಲಿ ಜನ ನೀಲಗಿರಿಯ ಸಸಿಗಳನ್ನು ಕಿತ್ತು ತಮಗೆ ಬೇಕಾದ ಮರಗಳ ಸಸಿಗಳನ್ನು ನೆಟ್ಟರು. ‘ಕಿತ್ತಿಕೊ ಹಚ್ಚಿಕೊ’ ಎಂಬ ಹೆಸರೇ ಆ ಸತ್ಯಾಗ್ರಹಕ್ಕೆ ನಿಂತಿತು. ಸಮಾಜ ಪರಿವರ್ತನ ಸಮುದಾಯದವರೊಂದಿಗೆ ಡಾ. ಶಿವರಾಮ ಕಾರಂತರೂ ಸರ್ವೋಚ್ಚ ನ್ಯಾಯಾಲಯದಲ್ಲಿ ಅರ್ಜಿದಾರರಾಗಿದ್ದರು. ೧೯೯೧ರಲ್ಲಿ ಸರ್ಕಾರ ಆ ಸಂಸ್ಥೆಯನ್ನು ಮುಚ್ಚಲು ನಿರ್ಧರಿಸಿತು. ಈ ಸಾಕ್ಷಿಗಳು ತಟಸ್ಥರಲ್ಲ; ತಮ್ಮ ಸ್ವಾರ್ಥಕ್ಕಾಗಿಯೇ ಮಾತಾಡಿದವರು. ಆದರೂ ಭೂಮಿಯನ್ನು ಕುರಿತು ಅವರು ಹೇಳಿದ್ದು ನಿಜವಾಗಿತ್ತು.

ನಮ್ಮ ಎರಡು ತಾಲ್ಲೂಕುಗಳಿಗೆ ಮರಳೋಣ. ಇಲ್ಲಿಯ ರೈತನಿಗೆ ಸರ್ಕಾರವೇ ಒಡೆಯನೂ ಪರೀಕ್ಷಕನೂ ಆಗಿದ್ದ ಒಂದು ದೀರ್ಘ ಅನುಭವವಿದೆ, ಅದು ಶ್ರೀಗಂಧದ್ದು. ಟಿಪ್ಪುವಿನ ಕಾಲದಿಂದ ರಾಜವೃಕ್ಷವೆನಿಸಿದ ಈ ಮರ ರೈತನ ಹೊಲದ ಬೇಲಿಯಲ್ಲಿ ಹುಟ್ಟಿದರೂ ಅವನದಾಗಿರಲಿಲ್ಲ. ೧೯೧೬-೧೭ರಲ್ಲಿ ಬೆಂಗಳೂರಿನಲ್ಲಿಯೂ ಮೈಸೂರಿನಲ್ಲಿಯೂ ಎಣ್ಣೆಯ ಕಾರ್ಖಾನೆಗಳು ಎದ್ದ ಮೇಲೆ ಕಾಯುವವನು, ಕಡಿಯುವವನು, ದರ್ಜೆ ಕಟ್ಟುವವನು, ಎಣ್ಣೆ ತೆಗೆದು ಮಾರುವವನು ಎಲ್ಲ ಒಬ್ಬನೇ ಆದ. ಸುತ್ತಿಗೆಯ ಮುದ್ರೆ, ರಹದಾರಿ, ಕೋಠಿಯ ಲೆಕ್ಕ ಯಾವುದಕ್ಕೂ ಕೊರತೆಯಿರಲಿಲ್ಲ. ಮರ ಮಾತ್ರ ಕಡಮೆಯಾಗುತ್ತ ಬಂದಿತು. ಬೇಲಿಯಲ್ಲಿ ಗಂಧದ ಸಸಿ ಕಂಡರೆ ಮುಂದಿನ ತೊಂದರೆಯನ್ನು ನೆನೆದು ರೈತ ಅದನ್ನು ಚಿಗುರಿನಲ್ಲಿಯೇ ಕಿತ್ತುಹಾಕುತ್ತಿದ್ದನೆಂಬ ಮಾತನ್ನು ಈ ಭಾಗದಲ್ಲಿ ಕೇಳದವರಿಲ್ಲ. ೨೦೦೧ರ ತಿದ್ದುಪಡಿಯಿಂದ ಮರ ಭೂಮಿಯ ಒಡೆಯನದಾಯಿತು. ಆ ವೇಳೆಗೆ, ೧೯೯೮ರಲ್ಲಿ, ಶ್ರೀಗಂಧ ಅಪಾಯಕ್ಕೊಳಗಾದ ಜಾತಿಗಳ ಅಂತರರಾಷ್ಟ್ರೀಯ ಪಟ್ಟಿಯನ್ನು ಸೇರಿಯಾಗಿತ್ತು. ಮುದ್ರೆಗಳ ಸಂಖ್ಯೆಗೂ ಮರಗಳ ಸಂಖ್ಯೆಗೂ ಸಂಬಂಧವಿರಬೇಕಾದ ನಿಯಮವಿಲ್ಲ. ಮೂರನೆಯವನು ಬೇಕೆಂಬ ವಾದಕ್ಕೆ ಇದಕ್ಕಿಂತ ಬಲವಾದ ಆಧಾರ ನಮ್ಮ ಜಿಲ್ಲೆಯಲ್ಲಿ ಮತ್ತೊಂದಿಲ್ಲ ಎಂಬುದನ್ನೂ ಒಪ್ಪಬೇಕು.

೨೦೨೩ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರದ ಅರಣ್ಯ ಮಂತ್ರಾಲಯ ಭಾರತೀಯ ಅರಣ್ಯ ಮತ್ತು ಮರ ಪ್ರಮಾಣೀಕರಣ ಯೋಜನೆಯನ್ನು ಜಾರಿಗೆ ತಂದಿತು. ಕಾಡಿನ ನಿರ್ವಹಣೆ, ಕಾಡಿನ ಹೊರಗಿನ ಮರಗಳು, ಮರ ಕೈಯಿಂದ ಕೈಗೆ ಸಾಗುವ ದಾರಿಯ ಲೆಕ್ಕ ಎಂಬ ಮೂರು ಬಗೆಯ ಪತ್ರಗಳು ಇದರಲ್ಲಿವೆ. ನಡೆಸುವ ಹೊಣೆ ಭೋಪಾಲದ ಭಾರತೀಯ ಅರಣ್ಯ ನಿರ್ವಹಣಾ ಸಂಸ್ಥೆಯದು. ಪರೀಕ್ಷೆಯನ್ನೇನೋ ಮಾನ್ಯತೆ ಪಡೆದ ಮೂರನೆಯ ಸಂಸ್ಥೆಗಳೇ ಮಾಡುತ್ತವೆ. ಆದರೆ ಮಾನದಂಡವನ್ನು ರಚಿಸಿದುದು ದೇಶದ ಕಾಡುಗಳಲ್ಲಿ ಬಹುಭಾಗವನ್ನು ಆಳುವ ಸರ್ಕಾರವೇ. ಶ್ರೀಗಂಧದ ನೆನಪಿರುವವರು ಇಲ್ಲಿ ಸ್ವಲ್ಪ ತಡೆದು ಯೋಚಿಸುವುದು ಸಹಜ.

ಈ ಯೋಜನೆ ಹೆಡಿಯಾಲದ ಕಾಡನ್ನು ಮುಟ್ಟುವುದು ಕಡಮೆ. ಹುಲಿ ರಕ್ಷಿತಾರಣ್ಯದಲ್ಲಿ ಮಾರಾಟಕ್ಕಾಗಿ ಮರ ಕಡಿಯುವ ಕೆಲಸವಿಲ್ಲ. ಮಾರುವ ಮರವಿಲ್ಲದ ಕಡೆ ಪತ್ರವನ್ನು ಕೇಳುವವರೂ ಇರುವುದಿಲ್ಲ. ಕಾಡನ್ನು ಕಾಪಾಡುವ ಪತ್ರ ಎಂದು ಹೆಸರಾದದ್ದು ಅತಿ ಹೆಚ್ಚು ಕಾಪಾಡಬೇಕಾದ ಕಾಡಿನಲ್ಲಿ ಮಾತಿಲ್ಲದೆ ಕುಳಿತಿರುತ್ತದೆ. ಪತ್ರ ಬಂದು ನಿಲ್ಲುವುದು ಬಯಲಿನ ರೈತನ ಮನೆಯ ಬಾಗಿಲಿಗೆ. ತೋಟದ ಅಂಚಿನಲ್ಲಿ ತೇಗ, ಸಿಲ್ವರ್ ಓಕ್, ಹೆಬ್ಬೇವು ನೆಟ್ಟ ಎರಡು ಮೂರು ಎಕರೆಯ ಹಿಡುವಳಿದಾರನಿಗೆ ಪರಿಶೋಧಕನ ಶುಲ್ಕ ಒಬ್ಬನೇ ಹೊರಲಾಗದ ಭಾರ. ಹಲವರು ಗುಂಪಾಗಿ ಒಂದೇ ಪತ್ರ ಪಡೆಯುವ ಅವಕಾಶವುಂಟು. ಆದರೆ ಗುಂಪನ್ನು ಕಟ್ಟುವವರು ಸಾಮಾನ್ಯವಾಗಿ ಮರವನ್ನು ಕೊಳ್ಳುವ ಕಾರ್ಖಾನೆಯವರು; ತೆಲುಗು ನಾಡಿನ ಭದ್ರಾಚಲದ ಸುತ್ತಿನ ನೀಲಗಿರಿ ತೋಪುಗಳಲ್ಲಿ ನಡೆದದ್ದು ಹೀಗೆಯೇ. ಆಗ ಪತ್ರ ಕಾರ್ಖಾನೆಯ ಕೈಯಲ್ಲಿರುತ್ತದೆ. ರೈತ ಅದರ ಹೊರಗೆ ಮಾರಿದರೆ ಅವನ ಮರ ಮತ್ತೆ ಹೆಸರಿಲ್ಲದ ಮರ. ನೀಲಗಿರಿಯ ವಿಷಯದಲ್ಲಿ ಇನ್ನೂ ಒಂದು ಕೌತುಕವಿದೆ. ಅಂತರ್ಜಲವನ್ನು ಹೀರುತ್ತದೆಂಬ ಕಾರಣದಿಂದ ಕರ್ನಾಟಕ ೨೦೧೭ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು. ಪಕ್ಕದ ರಾಜ್ಯದಲ್ಲಿ ಅದೇ ಮರ ಸುಸ್ಥಿರತೆಯ ಮುದ್ರೆಯನ್ನು ಹೊತ್ತು ಕಾಗದವಾಗುತ್ತದೆ. ಇವೆರಡರಲ್ಲಿ ಯಾವುದು ಸರಿಯೆಂಬ ತೀರ್ಪನ್ನು ಭೂಜಲಶಾಸ್ತ್ರಜ್ಞರು ಕೊಡಲಿ. ಬಾವಿಯ ನೀರಿನ ಮಟ್ಟವನ್ನು ಕೇಳದೆ ಕೊಟ್ಟ ಪತ್ರ ಪಂಚಾಂಗವನ್ನು ನೋಡದೆ ಒಪ್ಪಿದ ತಾಮ್ರಪಟದಂತೆ ಎಂದಷ್ಟೇ ನಮ್ಮ ಮಾತು.

ನಂಜನಗೂಡಿನಲ್ಲಿ ರದ್ದಿಕಾಗದವನ್ನು ಅರೆದು ಹೊಸ ಕಾಗದ ಮಾಡುವ ಉದ್ಯಮವೂ ಇದೆ, ೧೯೮೯ರಿಂದ ಕರಗುವ ಕಾಫಿಯ ಪುಡಿಯನ್ನು ತಯಾರಿಸುವ ಕಾರ್ಖಾನೆಯೂ ಇದೆ. ಕಾಫಿ ನೆರಳಿನ ಮರಗಳ ಕೆಳಗೆ ಬೆಳೆಯುವ ಬೆಳೆ. ಅದೂ ಅರಣ್ಯದ ಪ್ರಶ್ನೆಯೇ. ಯೂರೋಪಿನ ರಾಷ್ಟ್ರಕೂಟ ೨೦೨೩ರಲ್ಲಿ ಮಾಡಿದ ಕಟ್ಟಳೆಯ ಪ್ರಕಾರ ಮರ, ಕಾಫಿ ಮೊದಲಾದವು ಕಾಡು ಕಡಿದ ನೆಲದ್ದಲ್ಲವೆಂದು ಆಮದು ಮಾಡುವವನೇ ತೋರಿಸಬೇಕು. ಪ್ರಮಾಣಪತ್ರವೊಂದನ್ನು ತೋರಿಸಿದ ಮಾತ್ರಕ್ಕೆ ಅವನ ಹೊಣೆ ತೀರುವುದಿಲ್ಲ. ಕಟ್ಟಳೆಯ ಜಾರಿ ಮತ್ತೆ ಮತ್ತೆ ಮುಂದಕ್ಕೆ ಹೋಗಿದೆ. ಆದರೂ ಇದರಲ್ಲಿ ಒಂದು ಒಪ್ಪಿಗೆ ಅಡಗಿದೆ: ಮೂರು ದಶಕಗಳ ಪ್ರಮಾಣಪತ್ರಗಳನ್ನು ಕೊಂಡ ಪೇಟೆಯೇ ಈಗ ತೋಟದ ಎಲ್ಲೆಯನ್ನು ನೆಲದ ಮೇಲೆ ಗುರುತಿಸಿ ಕೊಡಿರೆಂದು ಕೇಳುತ್ತಿದೆ. ಗಂಗರ ಲಿಪಿಕಾರ ಮಾಡಿದ ಕೆಲಸವೂ ಅದೇ. ಮರ, ಹುತ್ತಗಳ ಬದಲು ಅಕ್ಷಾಂಶ ರೇಖಾಂಶಗಳು ಬಂದಿವೆ.

ಹಾಗಾದರೆ ಪ್ರಮಾಣಪತ್ರವನ್ನು ತಿರಸ್ಕರಿಸಬೇಕೆ? ಬೇಡ. ದೂರದ ಕೊಳ್ಳುವವನಿಗೆ ಏನಾದರೊಂದು ಗುರುತು ಬೇಕು. ಸರ್ಕಾರವೊಂದರ ಮಾತನ್ನೇ ನಂಬಿದ್ದರಿಂದ ಆದ ನಷ್ಟವನ್ನು ಶ್ರೀಗಂಧದಲ್ಲಿ ಕಂಡಿದ್ದೇವೆ. ತಿದ್ದಬೇಕಾದದ್ದು ಸಾಕ್ಷಿಯ ಸ್ಥಾನವನ್ನು. ಶುಲ್ಕವನ್ನು ಒಂದು ಸಾಮಾನ್ಯ ನಿಧಿಗೆ ಕಟ್ಟಿಸಿ, ಪರಿಶೋಧಕನನ್ನು ಮಾಲೀಕನಲ್ಲದ ಬೇರೊಬ್ಬರು ನೇಮಿಸುವುದು ಅಸಾಧ್ಯವೇನಲ್ಲ. ವಿಶ್ವವಿದ್ಯಾನಿಲಯಗಳು ಪರೀಕ್ಷಾ ಶುಲ್ಕವನ್ನು ಹಾಗೆಯೇ ನಡೆಸುತ್ತವೆ. ಪರಿಶೋಧಕನ ವರದಿ ಪತ್ರಕ್ಕಿಂತ ಮೊದಲು ಆಯಾ ಊರಿನ ಗ್ರಾಮಸಭೆಯಲ್ಲಿ ಓದಲ್ಪಡಬೇಕು. ಅಲ್ಲಿ ಎದ್ದ ಆಕ್ಷೇಪಗಳು ವರದಿಯಲ್ಲಿಯೇ ಉಳಿಯಬೇಕು, ಉತ್ತರ ಸಿಕ್ಕಿತೆಂಬ ನೆಪದಿಂದ ಅಳಿಸಿಹೋಗಬಾರದು. ೨೦೦೬ರ ಅರಣ್ಯ ಹಕ್ಕುಗಳ ಕಾಯಿದೆ ಗ್ರಾಮಸಭೆಗೆ ಇಂಥ ಅಧಿಕಾರದ ದಾರಿಯನ್ನು ಆಗಲೇ ತೆರೆದಿದೆ. ನೆರೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ೨೦೧೧ರಲ್ಲಿ ಸಮುದಾಯ ಹಕ್ಕನ್ನು ಪಡೆದದ್ದು ಅದರ ಬಲದಿಂದ.

ಇದೆಲ್ಲಕ್ಕೂ ಮೊದಲು ವರದಿ ಕನ್ನಡದಲ್ಲಿರಬೇಕು. ಸಾರ್ವಜನಿಕರಿಗಾಗಿ ಪ್ರಕಟವಾಗುವ ಪರಿಶೋಧನೆಯ ಸಾರಾಂಶಗಳು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತವೆ. ಕೀರ್ತಿಯ ಭಾಗವನ್ನು ಸಂಸ್ಕೃತದಲ್ಲಿ ಬರೆದರೂ ಎಲ್ಲೆಯ ಭಾಗವನ್ನು ಕನ್ನಡದಲ್ಲಿ ಬರೆದ ಲಿಪಿಕಾರನ ವಿವೇಕ ಇಲ್ಲಿ ಕಾಣುವುದಿಲ್ಲ. ಕನ್ನಡಕ್ಕೆ ತಂದಾಗಲೂ ಒಂದು ಅನಾಹುತ ನಡೆಯುತ್ತದೆ. ಕಾಡಿನ ಕೆಡುಕಿನಿಂದ ಕೆಡುವವರು, ಒಳಿತಿನಿಂದ ಬದುಕುವವರು, ಇವರನ್ನು ಇಂಗ್ಲಿಷಿನಲ್ಲಿ ಸ್ಟೇಕ್‌ಹೋಲ್ಡರ್ ಎನ್ನುತ್ತಾರೆ. ನಮ್ಮ ಪತ್ರಿಕೆಗಳಲ್ಲಿಯೂ ಕಚೇರಿಯ ಸುತ್ತೋಲೆಗಳಲ್ಲಿಯೂ ಇದಕ್ಕೆ ‘ಮಧ್ಯಸ್ಥಗಾರರು’ ಎಂಬ ಪದ ಬಳಕೆಗೆ ಬಂದಿದೆ. ಮಧ್ಯಸ್ಥನೆಂದರೆ ಇಬ್ಬರ ನಡುವೆ ನಿಂತು ತೀರ್ಪು ಹೇಳುವವನು, ಎಂದರೆ ಮೂರನೆಯವನೇ. ಹೆಡಿಯಾಲದ ಜೇನುಕುರುಬನನ್ನೂ ಹೊಲದ ಬದುವಿನಲ್ಲಿ ತೇಗ ನೆಟ್ಟ ನರಸೀಪುರದ ರೈತನನ್ನೂ ಮಧ್ಯಸ್ಥನೆಂದು ಕರೆದರೆ ನೊಂದವನ ಸ್ಥಾನ ಬರಿದಾಗುತ್ತದೆ. ‘ಹಕ್ಕುದಾರ’, ‘ಬಾಧ್ಯಸ್ಥ’ ಎಂಬ ಎರಡು ಪದಗಳು ನಮ್ಮ ಕಂದಾಯ ಕಾಗದಗಳಲ್ಲಿ ಮೊದಲೇ ಇವೆ. ಇವುಗಳಲ್ಲಿ ಯಾವುದು ಈ ಅರ್ಥಕ್ಕೆ ಒಗ್ಗುತ್ತದೆ, ಅಥವಾ ಶಾಸನಗಳ ‘ಪ್ರಕೃತಿ’ಯನ್ನೇ ಮತ್ತೆ ಬಳಕೆಗೆ ತರಬಹುದೆ ಎಂಬುದನ್ನು ಪರಿಭಾಷೆಯ ಕೆಲಸದಲ್ಲಿ ತೊಡಗಿರುವ ವಿದ್ವಾಂಸರು ಪರಿಶೀಲಿಸಬೇಕೆಂದು ಕೋರುತ್ತೇವೆ.